ಅಗೆಯಬಾರದ ಹಿತ್ತಲಲ್ಲಿ ನಾಲ್ಕು ಮಡಿ

ತುಮಕೂರಿಗೆ ಬಂದ ಮೊದಲ ದಿನವೇ ನನಗೆ ಎರಡು ಸಲ ‘ಅಗೀಬ್ಯಾಡಿ’ ಎಂದರು. ಎರಡು ಸಲವೂ ಹೇಳಿದವರು ಒಬ್ಬರೇ, ನಮ್ಮ ಮನೆಯ ಒಡತಿ ಪುಟ್ಟತಾಯಮ್ಮ. ಸಾಮಾನು ಇಳಿಸಿ ಸುಸ್ತಾಗಿ ಕುಳಿತಿದ್ದ ನಮಗೆ ಅವರು ರಾಗಿಮುದ್ದೆ, ಬಸ್ಸಾರು ತಂದುಕೊಟ್ಟರು. ನಾನು ಜೋಳದ ರೊಟ್ಟಿ ತಿಂದು ಬೆಳೆದ ಧಾರವಾಡದವಳು. ಮುದ್ದೆ ಮುರಿದು ಬಾಯಿಗಿಟ್ಟು ಶ್ರದ್ಧೆಯಿಂದ ಜಗಿಯತೊಡಗಿದೆ. ಅದು ಹಲ್ಲಿಗೂ ಅಂಗುಳಿಗೂ ಮೆತ್ತಿಕೊಂಡು ಮಾತೇ ಹೊರಡದಂತಾಯಿತು. ‘ಅಗೀಬ್ಯಾಡಿ ಕಣಮ್ಮ, ಮುದ್ದೆ ನುಂಗ್ಬೇಕು’ ಎಂದು ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಊಟ ಮುಗಿದ ಮೇಲೆ ಹಿಂಬಾಗಿಲು ತೆರೆದು ಹಿತ್ತಲು ತೋರಿಸಿದರು. ಆಗ ಮುಖದಲ್ಲಿ ನಗು ಇರಲಿಲ್ಲ. ‘ಬಾಡ್ಗೆ, ನೀರು, ಕರೆಂಟು ಎಲ್ಲಾ ಯಜಮಾನ್ರ ಹತ್ರ ಮಾತಾಡಿದೀನಿ. ನಂದು ಇನ್ನೊಂದೇ ಮಾತು. ಇಲ್ಲಿ ಅಗೀಬ್ಯಾಡಿ. ಗುದ್ದಲಿ, ಹಾರೆ, ಯಾವ್ದೂ ಈ ನೆಲಕ್ಕೆ ತಾಕಿಸ್ಬ್ಯಾಡಿ’ ಎಂದರು. ನಮ್ಮ ಕಡೆ ನೆಲವನ್ನು ಹಡ್ಡುತ್ತೇವೆ. ಇಲ್ಲಿ ಮುದ್ದೆಗೂ ನೆಲಕ್ಕೂ ಒಂದೇ ಮಾತು. ನಾನು ಇನ್ನೂ ಬಾಯಿಯೊಳಗಿನ ರಾಗಿಯನ್ನು ನಾಲಿಗೆಯಿಂದ ಬಿಡಿಸುತ್ತ, ಇದೆಂಥ ಊರಪ್ಪ ಎಂದುಕೊಂಡೆ.

ಅದು ಎಪ್ಪತ್ತರ ದಶಕದ ನಡುಭಾಗ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ಹೊಸತು. ಹೆಸರು ಒಂದಾದರೂ ನಾವು ಇವರಿಗೆ ‘ಆ ಕಡೆಯೋರು’, ನಮಗೆ ಇವರು ‘ಮೈಸೂರವರು’. ಯಜಮಾನರಿಗೆ ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರ್ ಕೆಲಸ. ಅವರ ವರ್ಗದ ಹಿಂದೆಯೇ ಓಡಾಡಿ, ಅರ್ಜಿ ಕೊಟ್ಟು, ನಾನೂ ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದೆ. ಮೊದಲ ವಾರ ತರಗತಿಯಲ್ಲಿ ‘ಗಪ್ ಕೂಡ್ರಿ’ ಎಂದರೆ ಇಡೀ ಕೋಣೆ ಗೊಳ್ಳೆಂದಿತು. ಸಂತೆಯಲ್ಲಿ ಈರುಳ್ಳಿಗೆಂದು ಹೋಗಿ ಉಳ್ಳಾಗಡ್ಡಿ ಕೇಳಿದರೆ ಅಂಗಡಿಯವನು ಬೆಳ್ಳುಳ್ಳಿ ತೂಗಿದ. ಕನ್ನಡವೇ ಆಡುತ್ತಿದ್ದರೂ ನಾನು ದಿನಕ್ಕೆ ನಾಲ್ಕು ಸಲ ಪರದೇಶಿಯಾಗುತ್ತಿದ್ದೆ. ಬೇರೆ ಭಾಷೆಯ ಊರಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ನಮಗೆ ಮಕ್ಕಳಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ, ಆದರೆ ಹೇಳದಿದ್ದರೆ ಸಂಜೆಗಳು ಎಷ್ಟು ಉದ್ದವಾಗಿದ್ದವು ಎಂಬುದು ನಿಮಗೆ ತಿಳಿಯುವುದಿಲ್ಲ. ಯಜಮಾನರು ಆಗ ಕುಣಿಗಲ್ ಕೆರೆಯ ಕೆಲಸದ ಮೇಲೆ ಇದ್ದರು, ಬರುವುದು ಕತ್ತಲಾದ ಮೇಲೆ. ಐದಕ್ಕೆ ಶಾಲೆಯಿಂದ ಬಂದು ಚಹಾ ಕುಡಿದರೆ ಆಮೇಲೆ ನನಗೂ ಗೋಡೆಗೂ ಕೆಲಸವಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹಿತ್ತಲು ನೋಡುತ್ತಿದ್ದೆ. ಬಾವಿ, ಬಟ್ಟೆ ಒಗೆಯುವ ಕಲ್ಲು, ಅದರಾಚೆ ಬರೀ ಕೆಂಪು ನೆಲ. ಒಂದು ದಾಸವಾಳ ಕೂಡ ಇಲ್ಲ. ಇಷ್ಟು ಬಿಸಿಲು, ಇಷ್ಟು ನೀರು ಇರುವ ಜಾಗ ಬೋಳಾಗಿರುವುದನ್ನು ನಮ್ಮಪ್ಪ ನೋಡಿದ್ದರೆ ಅವನಿಗೆ ಜ್ವರ ಬರುತ್ತಿತ್ತು.

ನಮ್ಮಪ್ಪ ಧಾರವಾಡದಲ್ಲಿ ಒಂದು ದೊಡ್ಡ ಬಂಗಲೆಯ ಮಾಲಿ. ಬಿಳಿ ಸಾಹೇಬರ ಕಾಲದಿಂದ ಅಲ್ಲಿ ಲೆಕ್ಕಾಚಾರದ ತೋಟ: ನಡುವೆ ಅಡ್ಡ ಒಂದು ದಾರಿ, ಉದ್ದ ಒಂದು ದಾರಿ, ನಾಲ್ಕು ಮೂಲೆಗೆ ನಾಲ್ಕು ಮಡಿ, ಒಂದರ ಮುಖ ಇನ್ನೊಂದು ನೋಡುವ ಹಾಗೆ. ಮಡಿ ಎಂದರೆ ನಮ್ಮಲ್ಲಿ ಗಿಡ ನೆಡುವ ಪಾತಿ ಎಂದು ಊರಿನವರೇ ಆದ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಆದರೆ ಮುಂದಿನ ಅನಾಹುತಕ್ಕೆ ಈ ಮಾತೇ ಕಾರಣವಾದ್ದರಿಂದ ಹೇಳುತ್ತಿದ್ದೇನೆ. ನಾನು ಸರಳರೇಖೆ ಎಳೆಯುವುದನ್ನು ಕಲಿತದ್ದು ಡ್ರಾಯಿಂಗ್ ಮಾಸ್ತರರಿಂದಲ್ಲ, ಅಪ್ಪನ ದಾರದಿಂದ.

ಒಂದು ಭಾನುವಾರ ಹೊಳೆಯಿತು. ಅಗೆಯಬಾರದು ಎಂದರೆ ಅಗೆಯುವುದು ಬೇಡ. ನೆಲದ ಮೇಲೆಯೇ ಇಟ್ಟಿಗೆಯ ಕಟ್ಟೆ ಕಟ್ಟಿ, ಹೊರಗಿನ ಮಣ್ಣು ತಂದು ತುಂಬಿದರೆ ಆಯಿತಲ್ಲ? ಕೆಳಗಿನ ನೆಲ ಅವರದು ಹಾಗೇ ಇರುತ್ತದೆ, ಮೇಲಿನ ಮಣ್ಣು ನನ್ನದು. ಶಾಲೆಯ ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದೆ. ನಾಲ್ಕು ಏರುಮಡಿ, ಒಂದೊಂದೂ ಎಂಟಡಿ ಉದ್ದ, ನಾಲ್ಕಡಿ ಅಗಲ, ಒಂದೂಕಾಲು ಅಡಿ ಎತ್ತರ. ಅಗಲ ಅದಕ್ಕಿಂತ ಹೆಚ್ಚಾದರೆ ಎರಡೂ ಬದಿಯಿಂದ ಕೈ ನಡುವಿಗೆ ಎಟುಕುವುದಿಲ್ಲ, ಕಾಲಿಡಬೇಕಾಗುತ್ತದೆ. ಮಡಿಯೊಳಗೆ ಕಾಲಿಟ್ಟವನು ಮಾಲಿಯೇ ಅಲ್ಲ ಎಂದು ಅಪ್ಪ ಅನ್ನುತ್ತಿದ್ದ. ನಕ್ಷೆಯ ಪ್ರತಿ ಅವನಿಗೆ ಕಳಿಸಿದೆ. ಅವನ ಉತ್ತರ ಎರಡು ಸಾಲು: ‘ದಾರಿ ಮೊದಲ ಗುರ್ತು ಮಾಡು, ಮಡಿ ಆಮ್ಯಾಲ. ಮನಶ್ಯಾ ಎಲ್ಲಿ ನಡೀತಾನ ಅನ್ನೂದು ಗೊತ್ತಾದರ ಗಿಡ ಎಲ್ಲಿ ನಿಂದರತಾವ ಅನ್ನೂದು ತಾನs ಗೊತ್ತಾಗತೈತಿ.’

ಪುಟ್ಟತಾಯಮ್ಮನವರು ಮನೆಯ ಮುಂಭಾಗದಲ್ಲಿ ಒಬ್ಬರೇ ಇದ್ದರು. ಆಗ ಅವರಿಗೆ ಐವತ್ತರ ಒಳಗೇ. ಗಂಡ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡು ಕೆಲವು ವರ್ಷವಾಗಿತ್ತು. ಚುರುಕು ಹೆಂಗಸು, ಬಾಯಿ ಬಿಚ್ಚಿದರೆ ಬೀದಿಗೆಲ್ಲ ಕೇಳಬೇಕು. ನೀರಿಗೆ ಬಾವಿಯ ತನಕ ಬರುತ್ತಿದ್ದರು, ಒಗೆಯುವ ಕಲ್ಲು ದಾಟಿ ಆಚೆ ಹೋದದ್ದನ್ನು ನಾನು ನೋಡಿರಲಿಲ್ಲ. ಅವರು ತಂಗಿಯ ಮಗಳ ಬಾಣಂತನಕ್ಕೆಂದು ಕುಣಿಗಲ್ಲಿಗೆ ಹೊರಟ ದಿನ, ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. ‘ಅಮ್ಮಾರ, ಹಿತ್ತಲದಾಗ ನೆಲಾ ಹಡ್ಡಂಗಿಲ್ಲ, ಬರೇ ನಾಕು ಮಡಿ ಮಾಡ್ಕೋತೇನ್ರಿ. ಅಡ್ಡಿಯಿಲ್ಲೇನು?’

‘ಮಡೀನಾ?’ ಎಂದರು. ಅವರ ಮುಖ ಅರಳಿತು. ‘ಅದಕ್ಕೇನಮ್ಮ ಕೇಳೋದು, ಧಾರಾಳವಾಗಿ ಮಾಡ್ಕೊಳಿ. ಇಷ್ಟು ಆಚಾರದೋರು ಅಂತ ನಂಗೆ ಗೊತ್ತೇ ಇರ್ಲಿಲ್ಲ.’ ನನಗೆ ಆ ಕೊನೆಯ ಮಾತು ವಿಚಿತ್ರವೆನಿಸಿತು, ಆದರೆ ಬಸ್ಸಿಗೆ ಹೊತ್ತಾಗಿತ್ತು. ಇಲ್ಲಿ ಮಡಿ ಎಂದರೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಯಾರನ್ನೂ ಮುಟ್ಟಿಸಿಕೊಳ್ಳದೆ ಇರುವುದು ಮಾತ್ರ. ಗಿಡದ ಮಡಿ ಅವರಿಗೆ ಪಾತಿ. ನಾನು ಹಿತ್ತಲಲ್ಲಿ ಮಡಿಬಟ್ಟೆ ಒಣಗಿಸಿಕೊಳ್ಳುತ್ತೇನೆ ಎಂದು ತಿಳಿದು, ಖುಷಿಯಾಗಿ ಅವರು ಬಸ್ ಹತ್ತಿದರು.

ಆ ಒಂದು ತಿಂಗಳು ನನ್ನ ಬದುಕಿನ ಬಹಳ ಸುಖದ ತಿಂಗಳು. ಹಗ್ಗಕ್ಕೆ ಮೂರು, ನಾಲ್ಕು, ಐದು ಅಡಿಗೆ ಗಂಟು ಹಾಕಿ ಮೂಲೆಮಟ್ಟ ಹಿಡಿದೆ. ಗೂಟ ನೆಡಬಾರದಲ್ಲ, ಮೂಲೆಗೊಂದು ಕಲ್ಲು ಇಟ್ಟು ದಾರ ಕಟ್ಟಿದೆ. ಗುಬ್ಬಿ ರಸ್ತೆಯ ಇಟ್ಟಿಗೆ ಗೂಡಿನಿಂದ ಹೆಚ್ಚು ಬೆಂದು ಸೊಟ್ಟಗಾದ ಇಟ್ಟಿಗೆ ಬಂತು. ಸೊಟ್ಟ ಇಟ್ಟಿಗೆಯಿಂದ ನೇರ ಗೋಡೆ ಕಟ್ಟುವುದು ಒಂದು ವಿದ್ಯೆ. ಯಜಮಾನರು ಆಫೀಸಿನ ರಸಮಟ್ಟ ತಂದು ಇಟ್ಟು, ‘ಒಂದು ನೂಲು ಇಳದೈತಿ ನೋಡು’ ಎನ್ನುವರು, ನಾನು ಬಿಚ್ಚಿ ಮತ್ತೆ ಇಡುವೆ. ತಳಕ್ಕೆ ಇಟ್ಟಿಗೆ ಚೂರು, ಅದರ ಮೇಲೆ ತೆಂಗಿನ ಮಟ್ಟೆ ಬೋರಲಾಗಿ, ಅದರ ಮೇಲೆ ಮಣ್ಣು. ಕುಣಿಗಲ್ ಕೆರೆಯಿಂದ ಎತ್ತಿದ ಹೂಳು ಖಾಲಿ ವಾಪಸಾಗುತ್ತಿದ್ದ ಲಾರಿಯಲ್ಲಿ ಬಂತು. ಅದು ಕಪ್ಪಗಿತ್ತು. ಈ ಕೆಂಪು ಊರಿನಲ್ಲಿ ಕಪ್ಪು ಮಣ್ಣು ಕಂಡು ನನಗೆ ಅಳು ಬಂತು. ನಮ್ಮ ಎರೆಮಣ್ಣು ಮಳೆಯಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ ಎಂದು ಎಷ್ಟು ಬೈದಿದ್ದೆ. ಈಗ ಒಂದು ಹಿಡಿ ಕೈಯಲ್ಲಿ ಹಿಸುಕಿ ಮೂಸಿದೆ. ಅದೇ ವಾಸನೆ ಅಲ್ಲ, ಹತ್ತಿರದ್ದು.

ಅವ್ವ ನಮ್ಮ ಕಡೆಯ ಹಕ್ಕರಕಿ ಸೊಪ್ಪಿನ ಬೀಜ ಅಂಚೆಯಲ್ಲಿ ಕಳಿಸಿದ್ದಳು. ಒಂದು ಮಡಿಗೆ ಅದು, ಒಂದಕ್ಕೆ ಮೆಂತ್ಯೆ, ಒಂದಕ್ಕೆ ಇಲ್ಲಿನ ದಂಟು ಎಂದು ಲೆಕ್ಕ ಹಾಕಿ, ನಾಲ್ಕನೆಯದಕ್ಕೆ ಚೆಂಡುಹೂವು ಎಂದುಕೊಂಡೆ. ಬಿತ್ತುವ ಮುಂಚಿನ ದಿನ ನಾಲ್ಕೂ ಮಡಿಗೆ ನೀರು ಕುಡಿಸಿ, ಮೇಲ್ಮಣ್ಣನ್ನು ಹಲಗೆಯಿಂದ ಸವರಿ ನುಣುಪು ಮಾಡಿದ್ದೆ. ಆ ಮಧ್ಯಾಹ್ನವೇ ಪುಟ್ಟತಾಯಮ್ಮ ಕುಣಿಗಲ್ಲಿನಿಂದ ಬಂದರು. ನನಗೆ ತೋರಿಸುವ ಆತುರ. ಕೈ ಹಿಡಿದೇ ಹಿಂಬಾಗಿಲಿಗೆ ಕರೆದುಕೊಂಡು ಹೋದೆ.

ಅವರು ಹೊಸ್ತಿಲಲ್ಲೇ ನಿಂತರು. ನಾನೂ ಆಗಲೇ ಅವರ ಕಣ್ಣಿನಿಂದ ನೋಡಿದ್ದು. ನಾಲ್ಕು ಉದ್ದನೆಯ ದಿಬ್ಬ, ಸುತ್ತ ಇಟ್ಟಿಗೆ, ಮೇಲೆ ಹಸಿಯಾದ ಹೊಸ ಮಣ್ಣು. ಯಾವ ಊರಿನವರಿಗೂ ಅದು ಏನೆಂದು ಹೇಳಬೇಕಾಗಿರಲಿಲ್ಲ. ಅವರು ಕೂಗಲಿಲ್ಲ, ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತರು. ‘ಮಡಿ ಅಂದ್ಯಲ್ಲಮ್ಮ’ ಎಂದರು. ‘ಓಡಾಡೋಕೆ ದಾರಿ ಎಲ್ಲಿ ಬಿಟ್ಟಿದೀಯ?’ ಎಂದು ಕೇಳಿದರು. ನಾನು ಶಿಲುಬೆಯಾಕಾರದ ದಾರಿಯನ್ನು ಬೆರಳಿನಲ್ಲಿ ತೋರಿಸಿದೆ. ‘ಅಲ್ಲಿ ದಿನಾ ಕಾಲಿಡ್ತೀರಾ?’ ಎಂದರು. ಅವರ ಕೈ ನನ್ನ ಕೈಯಲ್ಲೇ ಇತ್ತು.

ಆಮೇಲೆ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಅವರಿಗೆ ಒಂದು ಹೆಣ್ಣುಮಗು ಹುಟ್ಟಿ ಮೂರನೆಯ ದಿನ ಹೋಯಿತು. ‘ಹೆತ್ತೋಳು ನೋಡ್ಬಾರ್ದು, ನೋಡುದ್ರೆ ಮುಂದಿನ್ ಮಗು ನಿಲ್ಲಲ್ಲ ಅಂತ ಒಳಗೆ ಕೂರ್ಸಿ ಬಾಗ್ಲಾಕಿದ್ರು. ನಮ್ಮೋರು, ಮಂಡೀಲಿ ಮೂಟೆ ಹೊರೋ ತಿಮ್ಮಯ್ಯ, ಇಬ್ರೇ ಎತ್ಕೊಂಡು ಹೋದ್ರು. ಎಲ್ಲಿ ಅಂತ ಕೇಳುದ್ರೆ ಹಿತ್ಲಲ್ಲೇ ಐತೆ, ಮನೇಲೇ ಐತೆ ಅನ್ಕೊ, ಜಾಗ ಕೇಳ್ಬ್ಯಾಡ ಅಂದ್ರು. ಸಾಯೋಗಂಟ ಹೇಳ್ಲಿಲ್ಲ. ಮುಂದಿನ್ ಮಗುವೂ ಬರ್ಲಿಲ್ಲ. ಎಲ್ಲಿ ಅಂತ ಗೊತ್ತಿಲ್ದಲೆ ನಾನು ಎಲ್ಲಿ ಕಾಲಿಡ್ಲಿ ಹೇಳು? ಅದಕ್ಕೇ ಒಗೆಯೋ ಕಲ್ಲು ದಾಟ್ಲಿಲ್ಲ.’

ಒಂದು ತಿಂಗಳಿಂದ ಆ ಹಿತ್ತಲಲ್ಲಿ ದಾರ ಹಿಡಿದು ಕುಣಿದಾಡಿದ್ದೆ. ಎಲ್ಲ ಕಿತ್ತು ಹಾಕುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. ‘ಕೀಳೋಕೂ ತುಳೀಬೇಕಲ್ಲಮ್ಮ’ ಎಂದರು. ನನ್ನ ತೋಟ ಇರಬಹುದೋ ಇಲ್ಲವೋ, ನಾವು ಆ ಮನೆಯಲ್ಲಿ ಇರಬಹುದೋ ಇಲ್ಲವೋ, ಎಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿತು. ಮಗು ಇರುವುದು ಮಡಿಯ ಕೆಳಗೋ, ದಾರಿಯ ಕೆಳಗೋ? ಅಪ್ಪನ ಕಾಗದ ನೆನಪಾಯಿತು.

ತಿಮ್ಮಯ್ಯ ಬದುಕಿದ್ದಾನೆ, ಊರ್ಡಿಗೆರೆಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ಅವರಿಗೆ ಗೊತ್ತಿತ್ತು. ಗಂಡನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ತಾವಾಗಿ ಅವನನ್ನು ಕೇಳಿರಲಿಲ್ಲ. ‘ನೀನು ಕೇಳಿದ್ರೆ ನಾನು ಕೇಳ್ದಂಗಾಗಲ್ಲ’ ಎಂದರು. ಮುಂದಿನ ಭಾನುವಾರ ಬಸ್ಸಿನಲ್ಲಿ ಹೋದೆ. ತಿಮ್ಮಯ್ಯ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವನು ಕೈಯಲ್ಲಿದ್ದ ಬೀಜವನ್ನು ಮೊರಕ್ಕೆ ಹಾಕಿದ.

‘ಹಿತ್ಲಲ್ಲಿಲ್ಲ ಕಣ್ ತಾಯಿ’ ಎಂದ. ‘ಅಗುದ್ವಿ. ಮಳೆಗಾಲ, ಬಾವಿ ಪಕ್ಕದ ನೆಲ. ಮೊಣಕಾಲುದ್ದ ಹೋಗದ್ರಾಗೆ ನೀರು ಉಕ್ತು. ನೀರಾಗೆ ಹೆಂಗ್ ಮಡಗಾದು? ಗುಂಡಿ ಮುಚ್ಚಿ, ಸೈಕಲ್ಲಾಗೆ ಗುಬ್ಬಿ ರಸ್ತೇಗೆ ಹೋದ್ವಿ. ಒಂದು ಹೊಂಗೆ ಮರದ ಬುಡ. ಆಮ್ಯಾಕೆ ರಸ್ತೆ ಅಗಲ ಮಾಡ್ದಾಗ ಮರಾನೂ ಹೋಯ್ತು. ಈಗ ಅದರ ಮ್ಯಾಲೆ ಟಾರು ಐತೆ.’ ಯಾಕೆ ಸುಳ್ಳು ಹೇಳಿದರು ಎಂದು ಕೇಳಿದೆ. ‘ರಸ್ತೆ ಬದಿ ಅಂದ್ರೆ ಆಯಮ್ಮ ಹುಡುಕ್ಕೊಂಡು ಹೊಂಟೋಗ್ತಾಳೆ, ಹಿತ್ಲು ಅಂದ್ರೆ ಮನೇಲಿರ್ತಾಳೆ ಅಂದ್ರು ಗುಮಾಸ್ತರು. ಇಷ್ಟು ವರ್ಸ ಆಯ್ತು. ಬುಡು ತಾಯಿ.’

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಏನು ಹೇಳಬೇಕು ಎಂದು ಯೋಚಿಸಿದೆ ಎನ್ನುವುದು ಸುಳ್ಳು. ಏನೂ ಯೋಚಿಸಲಿಲ್ಲ. ಬಾವಿಕಟ್ಟೆಯ ಹತ್ತಿರ ಅವರು ಕಾಯುತ್ತಿದ್ದರು. ‘ದಾರಿಗೆ ಬಂದೈತಾ?’ ಎಂದರು. ‘ಇಲ್ರಿ’ ಎಂದೆ. ‘ದಾರಿಗೆ ಬಂದಿಲ್ಲ. ಮಡಿಯೊಳಗs ಐತಿ.’ ‘ಯಾವ್ದು?’ ಎಂದರು. ನನ್ನ ಬೆರಳು ತಾನಾಗಿ ಎದ್ದು ಬಲಗಡೆಯ ಆಚೆ ಮಡಿಯನ್ನು ತೋರಿಸಿತು. ಹಕ್ಕರಕಿ ಹಾಕಬೇಕೆಂದಿದ್ದ ಮಡಿ ಅದು. ಅವರ ಮೇಲಿನ ಕನಿಕರದಿಂದ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನನ್ನ ಮೂಲೆಮಟ್ಟದ ತೋಟ ಉಳಿಯಲಿ ಎಂಬ ಆಸೆಯೂ ಆ ಬೆರಳಿನಲ್ಲಿ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗಲು ನನಗೆ ಇಂದಿಗೂ ಧೈರ್ಯವಿಲ್ಲ.

ಪುಟ್ಟತಾಯಮ್ಮ ಒಗೆಯುವ ಕಲ್ಲು ದಾಟಿದರು. ಇಪ್ಪತ್ತೆರಡು ವರ್ಷದ ಮೇಲೆ. ದಾರಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಆ ಮಡಿಯ ಹತ್ತಿರ ಹೋಗಿ, ಇಟ್ಟಿಗೆಯ ಅಂಚಿನ ಮೇಲೆ ಕುಳಿತು, ಅಂಗೈಯನ್ನು ಮಣ್ಣಿನ ಮೇಲೆ ಇಟ್ಟರು. ಎತ್ತರ ಸರಿಯಾಗಿತ್ತು. ಬಗ್ಗದೆ ಕೈ ಇಡಬಹುದಿತ್ತು. ನಾನು ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಅಂದಿನಿಂದ ಆ ಮಡಿ ಅವರದಾಯಿತು. ಅದರಲ್ಲಿ ತಿನ್ನುವುದು ಏನೂ ಬೆಳೆಯಕೂಡದು ಎಂದರು. ಕಾಕಡ, ಕನಕಾಂಬರ, ಒಂದು ಬದಿಗೆ ಮರುಗ ಹಾಕಿದರು. ಬೆಳಿಗ್ಗೆ ಏಳೂವರೆಗೆ, ನಾನು ಅಡುಗೆ ಮಾಡಿಕೊಂಡು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುವಾಗ, ಬಂದು ನೀರು ಹಾಕಿ ಕೂರುತ್ತಿದ್ದರು. ಮಾತಾಡುತ್ತಿದ್ದರು. ಅಳುವ ಮಾತಲ್ಲ, ಮನೆಯ ಮಾತು. ‘ಇವತ್ತೂ ನಲ್ಲಿ ಬರ್ಲಿಲ್ಲ ಕಣೇ. ಬಾವಿ ಇಲ್ದೋರು ಏನ್ ಮಾಡ್ಬೇಕು.’ ‘ಸೀಮೆಎಣ್ಣೆ ಕ್ಯೂನಲ್ಲಿ ಕಾಲು ನೋವು ಬಂತು ಕಣೇ.’ ‘ನಿನ್ ವಾರ್ಗೆ ಹುಡ್ಗಿ, ಎದುರುಮನೇದು, ಮದ್ವೆ ಗೊತ್ತಾಯ್ತು. ನಿಂಗೀಗ ಇಪ್ಪತ್ಮೂರು.’ ಒಂದು ದಿನ ನನ್ನ ಬಗ್ಗೆಯೂ ಹೇಳಿದರು. ‘ಈ ಟೀಚ್ರಮ್ಮ ಒಳ್ಳೆ ಹೆಂಗ್ಸು ಕಣೇ, ಆದ್ರೆ ಸಾರಿಗೆ ಉಪ್ಪು ಸುರೀತಾಳೆ.’ ಕಿಟಕಿಯ ಒಳಗೆ ಸೌಟು ಹಿಡಿದು ನಿಂತಿದ್ದ ನಾನು ಉಪ್ಪಿನ ಡಬ್ಬಿ ಮುಚ್ಚಿಟ್ಟೆ. ಈ ಊರಿನ ಕನ್ನಡವನ್ನು ನಾನು ಕಲಿತದ್ದು ಹಾಗೆ. ನನಗಲ್ಲದ ಮಾತನ್ನು ಕದ್ದು ಕೇಳಿ ಕಲಿತೆ.

ಒಂದು ವಿಷಯ ನಿಮಗೆ ಹೇಗೆ ಹೇಳಲಿ ತಿಳಿಯದು. ಆ ಮಡಿ ಖಾಲಿ ಎಂದು ಗೊತ್ತಿದ್ದವಳು ನಾನೊಬ್ಬಳೇ. ಹೆದರಬೇಕಾದವರು ಅವರು, ಹೆದರಿದ್ದು ನಾನು. ಅವರಿಗೆ ಅಲ್ಲಿ ಯಾರಿದ್ದಾರೆಂದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಯಾರೂ ಇಲ್ಲದ ಜಾಗಕ್ಕೆ ದಿನವೂ ಕರೆದರೆ, ಯಾರಾದರೂ ಬಂದುಬಿಡುವುದಿಲ್ಲವೇ? ಭಾನುವಾರ ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದು ನೆರಳೆಲ್ಲ ಅಡಗಿದಾಗ ಆ ಕಡೆ ನೋಡಲು ಆಗುತ್ತಿರಲಿಲ್ಲ. ಒಂದು ಸಲ ಮರುಗದ ಪಕ್ಕದ ಮಣ್ಣಿನಲ್ಲಿ ಒಂದು ಕಡೆ ತಗ್ಗಾಗಿತ್ತು, ಯಾರೋ ಈಗ ತಾನೇ ಎದ್ದುಹೋದ ಹಾಗೆ. ಬೆಕ್ಕು ಮಲಗಿರಬಹುದು. ನಮ್ಮ ಬೀದಿಯಲ್ಲಿ ಬೆಕ್ಕುಗಳಿಗೆ ಬರವಿಲ್ಲ. ಆದರೆ ನಾನು ಆ ತಗ್ಗನ್ನು ಸವರಿ ಸಮ ಮಾಡಲಿಲ್ಲ. ಮೆಂತ್ಯೆ ಕೀಳಲು ಹೋದಾಗ ಆ ಮಡಿಗೆ ಬೆನ್ನು ಹಾಕದೆ ಕೂರುತ್ತಿದ್ದೆ. ಯಾಕೆಂದರೆ, ಬೆನ್ನು ಹಾಕಿದರೆ ಅದಕ್ಕೆ ಬೇಸರವಾದೀತು ಅನಿಸುತ್ತಿತ್ತು.

ಇನ್ನೊಂದು ಕಡೆ ಗುಬ್ಬಿ. ಪರೀಕ್ಷೆಯ ಕೆಲಸಕ್ಕೆ, ಚಿತ್ರಕಲೆಯ ಸ್ಪರ್ಧೆಗೆ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ಗುಬ್ಬಿಗೆ ಹೋಗಬೇಕಾಗುತ್ತಿತ್ತು. ಜಾಗ ಇಂಥದೇ ಎಂದು ತಿಮ್ಮಯ್ಯ ಹೇಳಿರಲಿಲ್ಲ, ಇಟ್ಟಿಗೆ ಗೂಡು ದಾಟಿದ ಮೇಲೆ ಎಂದಿದ್ದ. ಗೂಡಿನ ಹೊಗೆ ಕಂಡ ಕೂಡಲೇ ನಾನು ಬಸ್ಸಿನ ನೆಲದಿಂದ ಎರಡೂ ಕಾಲು ಎತ್ತಿ ಮುಂದಿನ ಸೀಟಿನ ಕಂಬಿಗೆ ಕೊಡುತ್ತಿದ್ದೆ. ಪಕ್ಕದವರು ಸೀರೆಗೆ ಧೂಳಾಗುತ್ತದೆಂದು ತಿಳಿಯುತ್ತಿದ್ದರು. ಬಸ್ಸು, ಲಾರಿ, ಗಾಡಿ ಎಲ್ಲವೂ ಅದರ ಮೇಲೆ ಹೋಗುತ್ತಿದ್ದವು. ನನ್ನ ಎರಡು ಕಾಲಿನಿಂದ ಏನಾಗಬೇಕು. ಆದರೂ ಎತ್ತುತ್ತಿದ್ದೆ.

ಗೆಲುವುಗಳೂ ಇದ್ದವು, ಇಲ್ಲವೆನ್ನಲಾರೆ. ಚೆಂಡುಹೂವಿನ ಮಡಿಗೆ ಹಾಕಿದ ಹಕ್ಕರಕಿ ಎರಡು ವರ್ಷ ಮುನಿಸಿಕೊಂಡು, ಮೂರನೆಯ ಚಳಿಗಾಲದಲ್ಲಿ ಬಂತು. ಪುಟ್ಟತಾಯಮ್ಮನಿಗೆ ಹಸಿಯದೇ ತಿನ್ನಲು ಕೊಟ್ಟೆ. ‘ದನ ತಿಂದಂಗೆ ತಿಂತೀರಲ್ಲಮ್ಮ’ ಎಂದು ಎರಡು ಕಟ್ಟು ಮುಗಿಸಿದರು. ನಾನು ಮುದ್ದೆ ನುಂಗಲು ಕಲಿತೆ. ಕ್ಯಾತ್ಸಂದ್ರದಿಂದ ಒಬ್ಬ ಮೇಷ್ಟ್ರು ತೋಟದ ಅಳತೆ ಬರೆದುಕೊಂಡು ಹೋಗಿ ತಮ್ಮ ಮನೆಯಲ್ಲೂ ಕಟ್ಟಿಸಿದರು. ಊರಿಗೆ ಹೋದಾಗ ಬಾಯಿತಪ್ಪಿ ‘ಐತೆ’ ಎಂದರೆ ಅವ್ವ ನಗುತ್ತಿದ್ದಳು, ‘ನಮ್ಮ ಮೈಸೂರ ಮಗಳು ಬಂದ್ಲು’ ಎಂದು. ನಾನೂ ನಗುತ್ತಿದ್ದೆ. ಆದರೆ ಅಲ್ಲಿನ ಬೆಳಗಿನಲ್ಲಿ ಏಳೂವರೆಯಾದ ಕೂಡಲೇ ನನ್ನ ಕಿವಿ ಏನನ್ನೋ ಹುಡುಕುತ್ತಿತ್ತು.

ಬಂದು ಎಂಟು ವರ್ಷವಾದಾಗ ಯಜಮಾನರಿಗೆ ಧಾರವಾಡಕ್ಕೆ ವರ್ಗವಾಯಿತು. ಎಷ್ಟು ಅರ್ಜಿ, ಎಷ್ಟು ಓಡಾಟದ ಫಲ ಅದು. ನನಗೂ ಅಲ್ಲಿ ಶಾಲೆ ಸಿಗುವ ಹಾಗಿತ್ತು. ಅಪ್ಪ ಹಾಸಿಗೆ ಹಿಡಿದಿದ್ದ. ಅವ್ವ ದಿನ ಎಣಿಸುತ್ತಿದ್ದಳು. ಯಜಮಾನರು ಟ್ರಂಕು ಇಳಿಸಿ ಧೂಳು ಹೊಡೆದರು. ನಾನು ಸಂತೋಷಪಡಬೇಕಾಗಿತ್ತು, ಪಟ್ಟೆ ಕೂಡ. ಆದರೆ ಸುಳ್ಳನ್ನು ಅಲ್ಲಿ ಬಿಟ್ಟು ಹೋಗುವುದು ಹೇಗೆ? ನಾಳೆ ಬೇರೆ ಬಾಡಿಗೆಯವರು ಬರುತ್ತಾರೆ, ಮಡಿ ಒಡೆಯುತ್ತಾರೆ, ಅಗೆಯುತ್ತಾರೆ, ಏನೂ ಸಿಗುವುದಿಲ್ಲ. ಆಗ ಅವರಿಗೆ ಹೇಳಲು ಯಾರೂ ಇರುವುದಿಲ್ಲ. ತಿಮ್ಮಯ್ಯನೂ ಅಷ್ಟರಲ್ಲಿ ಹೋಗಿದ್ದ. ಹೇಳಿಯೇ ಹೋಗಬೇಕು ಎಂದು ನಿಶ್ಚಯಿಸಿದೆ.

ಒಂದು ಸಂಜೆ ಅವರು ಕನಕಾಂಬರ ಬಿಡಿಸುತ್ತಿದ್ದರು. ನಾನು ಹೋಗಿ ಎದುರಿನ ಅಂಚಿನ ಮೇಲೆ ಕುಳಿತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನೀರು ಉಕ್ಕಿದ ಗುಂಡಿ, ಸೈಕಲ್ಲು, ಹೊಂಗೆ ಮರ, ಟಾರು. ಅವರು ಹೂವಿನ ಬುಟ್ಟಿಯನ್ನು ಕೆಳಗಿಟ್ಟರು.

‘ಗುಬ್ಬಿ ರಸ್ತೇಲಾ?’

‘ಹೂಂ ರೀ.’

‘ಮರಾನೂ ಇಲ್ವಾ?’

‘ಇಲ್ರಿ.’

ಅವರು ಮರುಗದ ಎಲೆಯೊಂದನ್ನು ಕಿತ್ತು ಬೆರಳಲ್ಲಿ ತಿಕ್ಕುತ್ತ ಕುಳಿತರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ‘ಹಂಗಾದ್ರೆ ಎಂಟು ವರ್ಷ ನಾನು ಆಡಿದ್ದನ್ನ ಯಾರೂ ಕೇಳಿಸ್ಕೊಳ್ಲಿಲ್ಲ ಅನ್ನು’ ಎಂದರು. ಆ ಧ್ವನಿಯನ್ನು ನಾನು ಅವರಿಂದ ಹಿಂದೆಂದೂ ಕೇಳಿರಲಿಲ್ಲ. ಬೀದಿಗೆಲ್ಲ ಕೇಳುವ ಬಾಯಿ ಅದು, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

‘ನಾ ಕೇಳೇನ್ರಿ’ ಎಂದೆ. ‘ದಿನಾ. ಅಡಿಗಿಮನಿ ಕಿಡಕ್ಯಾಗಿಂದ.’

ಅವರು ತಲೆಯೆತ್ತಿ ಕಿಟಕಿಯನ್ನು ನೋಡಿದರು. ಕಿಟಕಿಯಿಂದ ಮಡಿಗೆ, ಮಡಿಯಿಂದ ಕಿಟಕಿಗೆ ಕಣ್ಣಿನಲ್ಲೇ ಅಳೆದರು. ‘ಎಲ್ಲಾನೂವಾ?’

‘ಎಲ್ಲಾನೂ.’

‘ಉಪ್ಪಿಂದೂವಾ?’

‘ಅದನೂ ರೀ.’

ಅವರ ತುಟಿ ಸ್ವಲ್ಪ ಅಲುಗಿತು. ನಗುವೋ ಅಳುವೋ ತಿಳಿಯಲಿಲ್ಲ. ಬುಟ್ಟಿಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡು, ಹೂವಿನ ಮೇಲೆ ಕೈಯಾಡಿಸಿ, ನನ್ನ ಕಡೆ ನೋಡದೆ ಹೇಳಿದರು. ‘ಹಂಗಾದ್ರೆ ನೀನು ಹೋಗ್ಬ್ಯಾಡ ಕಣೇ.’

ಎಂಟು ವರ್ಷ ನನಗೆ ‘ಕಣಮ್ಮ’ ಎನ್ನುತ್ತಿದ್ದವರು ಅವರು. ‘ಕಣೇ’ ಎಂಬುದು ಆ ಮಡಿಗೆ ಮಾತ್ರ ಹೇಳುತ್ತಿದ್ದ ಮಾತು.

ಯಜಮಾನರು ಧಾರವಾಡಕ್ಕೆ ಹೋಗಿ ಹಾಜರಾದರು. ನಾನು ಬೇಸಿಗೆ ರಜೆ ಬರಲಿ ಎಂದೆ. ಆ ಬೇಸಿಗೆ ಹೋಗಿ ಮತ್ತೆ ಮೂರು ಬೇಸಿಗೆ ಹೋದವು. ಅಪ್ಪ ತೀರಿಕೊಂಡಾಗ ಹದಿನೈದು ದಿನ ಇದ್ದು ಬಂದೆ. ಅವನ ದಾರದ ಉಂಡೆ ಈಗ ನನ್ನ ಹತ್ತಿರ ಇದೆ. ಯಜಮಾನರು ತಿಂಗಳಿಗೊಮ್ಮೆ ಬರುತ್ತಾರೆ, ಜಗಳವಾಡುವುದನ್ನು ಬಿಟ್ಟಿದ್ದಾರೆ. ಯಾವಾಗ ಬರುತ್ತೀ ಎಂದು ನೀವೆಲ್ಲ ಕಾಗದದಲ್ಲಿ ಕೇಳುತ್ತೀರಿ, ನಾನು ಪ್ರತಿ ಸಲ ಬೇರೆ ಬೇರೆ ಕಾರಣ ಬರೆದಿದ್ದೇನೆ. ಕಾರಣ ಇದು.

ಪುಟ್ಟತಾಯಮ್ಮ ಈಗಲೂ ಏಳೂವರೆಗೆ ಬರುತ್ತಾರೆ. ಆ ಮಡಿಗೆ ನೀರು ಹಾಕುತ್ತಾರೆ, ಅದೇ ಅಂಚಿನ ಮೇಲೆ ಕೂರುತ್ತಾರೆ. ಮುಖ ಮಾತ್ರ ಕಿಟಕಿಯ ಕಡೆಗೆ. ‘ರಾತ್ರಿ ಎಲ್ಲಾ ಮಂಡಿನೋವು ಕಣೇ’ ಎನ್ನುತ್ತಾರೆ. ಒಳಗಿನಿಂದ ನಾನು ‘ಹೂಂ’ ಎನ್ನುತ್ತೇನೆ. ಯಾರಾಗಿ ಹೂಂಗುಟ್ಟುತ್ತೇನೆ, ಧಾರವಾಡದ ಮಾಲಿಯ ಮಗಳಾಗಿಯೋ ಅವರ ಮಗಳಾಗಿಯೋ ಎಂದು ಮಾತ್ರ ನನ್ನನ್ನು ಕೇಳಬೇಡಿ.